ತುದಿ, ಕಾಲು, ಮೂಗು, ಏಳು

ಕಾರು ಓಡಿಸುವುದನ್ನು ಕಲಿಸುವವರಲ್ಲಿ ಎರಡು ಬಗೆ. ಕೆಲವರು ಓಡಿಸುವುದನ್ನು ಕಲಿಸುತ್ತಾರೆ, ಕೆಲವರು ಪಾಸಾಗುವುದನ್ನು ಕಲಿಸುತ್ತಾರೆ. ಈ ಕಥೆಯ ಮಗಳು ಎರಡನೆಯ ಬಗೆಯವಳು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ಟೆಸ್ಟಿಗೆ ಓಡ್ಸೋದು ಬೇರೆ, ರಸ್ತೆಗೆ ಓಡ್ಸೋದು ಬೇರೆ ಕಣ್ರೀ. ಮೊದ್ಲು ಟೆಸ್ಟ್ ಮುಗಿಸ್ಕೊಳ್ಳಿ, ರಸ್ತೆ ಎಲ್ಲೂ ಓಡಿಹೋಗಲ್ಲ" ಎಂದು ಮೊದಲನೆಯ ದಿನವೇ ಹೇಳಿಬಿಡುತ್ತಿದ್ದಳು. ಅವಳ ಶಿಷ್ಯರಿಗೆ ಎಲ್ಲವೂ ಬಾಯಿಪಾಠ. ಕನ್ನಡಿ, ಸಿಗ್ನಲ್, ಕ್ಲಚ್, ಗೇರು ಎಂದು ಗೊಣಗುತ್ತಲೇ ಓಡಿಸುತ್ತಿದ್ದರು. ಇನ್ಸ್‌ಪೆಕ್ಟರ್ ಯಾವ ತಿರುವಿನಲ್ಲಿ ನಿಲ್ಲಿಸು ಅನ್ನುತ್ತಾನೆ, ಯಾವ ಕಂಬ ಕಂಡಾಗ ಸ್ಟಿಯರಿಂಗ್ ಒಂದೂವರೆ ಸುತ್ತು ತಿರುಗಿಸಿದರೆ ಕಾರು ಗೆರೆಯೊಳಗೆ ಕೂರುತ್ತದೆ, ಎಲ್ಲ ಅವಳಿಗೆ ಗೊತ್ತು. ಬೇಕರಿಯವನೊಬ್ಬ ಐದನೆಯ ಸಲಕ್ಕೆ ಹೀಗೆ ಪಾಸಾಗಿ, ಮುಂದಿನ ಭಾನುವಾರವೇ ತನ್ನದೇ ಬೇಕರಿಯ ಷಟರಿಗೆ ಕಾರು ಗುದ್ದಿದ. ಆ ಕಥೆಯನ್ನು ಅವಳು ಉಪ್ಪುಖಾರ ಹಚ್ಚಿ ಇಪ್ಪತ್ತು ವರ್ಷ ಹೇಳಿಕೊಂಡು ನಕ್ಕಳು. ಈಗ ಹೇಳುವುದಿಲ್ಲ.

ಮಗಳೆಂದರೆ ಎಳೆಯವಳೇನಲ್ಲ, ಅರವತ್ತಮೂರು ವರ್ಷ. ಮದುವೆಯಾಗಲು ಪುರುಸೊತ್ತು ಸಿಗಲಿಲ್ಲ ಎನ್ನುವುದು ಅವಳ ಮಾತು. ಒಪ್ಪಿಕೊಳ್ಳುವ ಧೈರ್ಯಶಾಲಿ ಸಿಗಲಿಲ್ಲ ಎನ್ನುವುದು ಅವಳ ಅಮ್ಮನ ಮಾತು. ಅಮ್ಮನಿಗೆ ತೊಂಬತ್ತೊಂದು. ಡ್ರೈವಿಂಗ್ ಸ್ಕೂಲಿನ ಹಿಂಬದಿಯ ಎರಡು ಕೋಣೆಗಳಲ್ಲಿ ಇವರಿಬ್ಬರೇ ಇದ್ದರು. ಅಮ್ಮ ಮೂವತ್ತನಾಲ್ಕು ವರ್ಷ ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತು ಬಂದವಳು. ಊರಿನ ಅರ್ಧ ಜನಕ್ಕೆ ಅವಳ ಮುಖಕ್ಕಿಂತ ಅವಳ ಬಲಗೈ ಹೆಚ್ಚು ಪರಿಚಯ. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪುಸ್ತಕದಿಂದ ಟಿಕೆಟ್ ಹರಿಯುವ ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ನಿವೃತ್ತಿಯಾಗಿ ಮೂವತ್ತೊಂದು ವರ್ಷವಾದ ಮೇಲೂ ಸುಮ್ಮನೆ ಕೂತಾಗ ಅವಳ ಹೆಬ್ಬೆರಳು ಆಡುತ್ತಿತ್ತು. ಮಗಳನ್ನು ಅವಳು ಕರೆಯುತ್ತಿದ್ದದ್ದು "ಡ್ರೈವರಮ್ಮ" ಎಂದು.

ಆ ವರ್ಷ ಅಮ್ಮನ ಮುಖ ಬಿಳಿಚಿಕೊಳ್ಳತೊಡಗಿತು. ಎರಡು ಹೆಜ್ಜೆ ಇಟ್ಟರೆ ಏದುಸಿರು. ರಕ್ತ ಪರೀಕ್ಷೆ, ಸ್ಕ್ಯಾನು, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವುದು, ಎಲ್ಲ ಮುಗಿದ ಮೇಲೆ ಸರ್ಜನ್ ಒಂದು ಹಾಳೆಯ ಮೇಲೆ ದೊಡ್ಡ ಕರುಳಿನ ಚಿತ್ರ ಬರೆದು, ಒಂದು ಕಡೆ ಪೆನ್ನಿನಿಂದ ಗುಂಡಗೆ ತಿದ್ದಿದ.

"ಇಲ್ಲಿದೆ ಗಡ್ಡೆ. ಕ್ಯಾನ್ಸರೇ. ರಕ್ತ ಇಲ್ಲಿಂದಾನೇ ಸೋರ್ತಿರೋದು. ದಾರಿ ಆಗ್ಲೇ ಕಿರಿದಾಗಿದೆ, ಇನ್ನು ಕೆಲವು ತಿಂಗಳಲ್ಲಿ ಪೂರ್ತಿ ಮುಚ್ಕೋಬಹುದು" ಎಂದ.

"ತೆಗೆಯೋಕಾಗಲ್ವಾ?" ಮಗಳು ಕೇಳಿದಳು.

"ತೆಗೆಯೋದು ಕಷ್ಟ ಅಲ್ಲ. ಗಡ್ಡೆ ತೆಗೆದು ಕಳಿಸ್ತೀನಿ. ಆದ್ರೆ ಈ ವಯಸ್ಸಲ್ಲಿ ಆಮೇಲೆ ಅವರು ಮೊದಲಿನ ಥರ ಎದ್ದು ಓಡಾಡ್ತಾರಾ, ಅದನ್ನ ನಾನು ಹೇಳೋಕಾಗಲ್ಲ. ಅದಕ್ಕೇ ನಮ್ಮಲ್ಲಿ ವಯಸ್ಸಾದವರನ್ನ ನೋಡೋ ಡಾಕ್ಟ್ರು ಬೇರೆ ಇದ್ದಾರೆ. ಅವರು ಪರೀಕ್ಷೆ ಮಾಡಿ ಸರಿ ಅಂದ್ರೆ ಮಾಡೋಣ."

"ಹೊಟ್ಟೆ ನಂದು. ಮಾತು ಮಾತ್ರ ನನ್ನ ತಲೆ ಮೇಲಿಂದ ಹೋಗ್ತಿದೆ" ಎಂದಳು ಅಮ್ಮ. ಸರ್ಜನ್ ನಕ್ಕು ಕ್ಷಮೆ ಕೇಳಿದ. ಕೇಳಿದ ಮೇಲೂ ಮಗಳನ್ನೇ ನೋಡಿಕೊಂಡು ಮಾತಾಡಿದ.

ಪರೀಕ್ಷೆ ಎಂಬ ಒಂದು ಮಾತು ಮಗಳ ಕಿವಿಗೆ ಬಿತ್ತಲ್ಲ, ಅಲ್ಲಿಂದಲೇ ಎಲ್ಲ ಶುರುವಾದದ್ದು. ಅಲ್ಲಿಯವರೆಗೆ ಅವಳಿಗೆ ಕೈಕಾಲೇ ಆಡುತ್ತಿರಲಿಲ್ಲ. ಕರುಳು, ಗಡ್ಡೆ, ರಕ್ತ, ಇವೆಲ್ಲ ಅವಳ ಕೈ ಮೀರಿದ ಸಂಗತಿಗಳು. ಪರೀಕ್ಷೆ ಹಾಗಲ್ಲ. ಪರೀಕ್ಷೆ ಅವಳ ಅಂಗಡಿಯ ಸರಕು. ಹೊರಗೆ ಬಂದವಳೇ ರಕ್ತ ತೆಗೆಯುತ್ತಿದ್ದ ನರ್ಸನ್ನು ಹಿಡಿದು, ಮೂವತ್ತು ವರ್ಷದಿಂದ ಇನ್ಸ್‌ಪೆಕ್ಟರುಗಳ ಬಗ್ಗೆ ಕೇಳುತ್ತ ಬಂದಿದ್ದ ಪ್ರಶ್ನೆಯನ್ನೇ ಕೇಳಿದಳು: "ಅವರು ಮುಖ್ಯವಾಗಿ ಏನು ನೋಡ್ತಾರೆ?"

ನರ್ಸು ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿದಳು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು, ಸ್ಟಾಪ್‌ವಾಚ್ ಹಿಡಿದು ನೋಡ್ತಾರೆ. ಒಂದು ವರ್ಷದಲ್ಲಿ ಎಲ್ಲಾದರೂ ಬಿದ್ದಿದ್ದೀರಾ ಅಂತ ಕೇಳ್ತಾರೆ. ಇವತ್ತು ಯಾವ ತಾರೀಖು, ಯಾವ ತಿಂಗಳು ಅಂತ ಕೇಳ್ತಾರೆ. "ಇಪ್ಪತ್ತು ಸೆಕೆಂಡ್ ದಾಟಿದ್ರೆ ಡಾಕ್ಟ್ರು ಆಪರೇಷನ್ನಿಗೆ ಅಷ್ಟು ಸುಲಭವಾಗಿ ಒಪ್ಪಲ್ಲ."

ಮಗಳು ಅದನ್ನು ಪಾರ್ಕಿಂಗ್ ಚೀಟಿಯ ಹಿಂದೆ ಬರೆದುಕೊಂಡಳು. ಹತ್ತು ದಿನ ಬಾಕಿ ಇತ್ತು. ನಾಲ್ಕು ಸಲ ಫೇಲಾದ ಬೇಕರಿಯವನನ್ನೇ ಅವಳು ಹತ್ತು ದಿನದಲ್ಲಿ ದಡ ಮುಟ್ಟಿಸಿದ್ದಳು.

ಸ್ಕೂಲಿನ ಆಫೀಸಿನಲ್ಲಿ ಮೇಜನ್ನು ಗೋಡೆಗೆ ತಳ್ಳಿ, ಪಾರ್ಕಿಂಗ್ ಕಲಿಸುವಾಗ ನೆಲಕ್ಕೆ ಅಂಟಿಸುವ ಹಳದಿ ಟೇಪಿನಿಂದ ಒಂದು ಗೆರೆ ಹಾಕಿದಳು. ಕೈಯಿರುವ ಕುರ್ಚಿ ಒಂದನ್ನು ಅಲ್ಲಿಂದ ಸರಿಯಾಗಿ ಮೂರು ಮೀಟರ್ ಅಳೆದು ಇಟ್ಟಳು. ಅಮ್ಮನನ್ನು ಕೂರಿಸಿ, ತಾನು ಗೆರೆಯ ಆಚೆ ಎರಡೂ ಕೈ ಮುಂದೆ ಚಾಚಿ ನಿಂತಳು. ಮೊದಲನೆಯ ದಿನ ಅಮ್ಮ ತೆಗೆದುಕೊಂಡದ್ದು ಮೂವತ್ತೊಂದು ಸೆಕೆಂಡು. ಅದರಲ್ಲಿ ಹನ್ನೊಂದು ಏಳುವುದಕ್ಕೇ ಹೋಗಿತ್ತು.

"ನಡಿಗೇಲಿ ತೊಂದ್ರೆ ಇಲ್ಲ ಅಮ್ಮ, ಎಲ್ಲಾ ಏಳೋದ್ರಲ್ಲೇ ಹೋಗ್ತಿದೆ. ನೀನು ಒಳಗೆ ಹೂತ್ಕೊಂಡು ಕೂತು ಏಳೋಕೆ ನೋಡ್ತೀಯ. ಮೊದ್ಲು ಕುರ್ಚಿ ತುದಿಗೆ ಜರುಗು. ಆಮೇಲೆ ಕಾಲು ಹಿಂದಕ್ಕೆ ತಗೋ. ಮೂಗನ್ನ ಮೊಣಕಾಲಿಗಿಂತ ಮುಂದೆ ತಾ. ಈಗ ಏಳು. ನೋಡು, ಎಷ್ಟು ಸುಲಭ! ಬಾಯಲ್ಲಿ ಹೇಳ್ಕೊಂಡೇ ಮಾಡು. ತುದಿ, ಕಾಲು, ಮೂಗು, ಏಳು."

"ತುದಿ, ಕಾಲು, ಮೂಗು, ಏಳು" ಎಂದಳು ಅಮ್ಮ. ಕೂತೇ ಇದ್ದಳು. ತುಟಿಯ ಮೂಲೆಯಲ್ಲಿ ನಗು ಇಣುಕಿತು. "ಎಂಟು."

"ಅಮ್ಮಾ!"

"ಏಳು ಆದ್ಮೇಲೆ ಎಂಟಲ್ವೇನೇ? ನಾನು ಮೂವತ್ನಾಲ್ಕು ವರ್ಷ ಎಣಿಸಿದೋಳು. ಏಳಕ್ಕೆ ನಿಲ್ಲಿಸು ಅಂದ್ರೆ ಹೇಗೆ?"

ಆ ತಮಾಷೆಯನ್ನು ಅಮ್ಮ ಹತ್ತು ದಿನವೂ ಮಾಡಿದಳು. ಹತ್ತು ದಿನವೂ ಮಗಳು ಸಿಟ್ಟು ಬಂದಂತೆ ನಟಿಸಿದಳು. ಇಪ್ಪತ್ತೇಳು ಸೆಕೆಂಡಾಯಿತು, ಇಪ್ಪತ್ತಮೂರಾಯಿತು. ಪಾಠಕ್ಕೆ ಬಂದ ಶಿಷ್ಯರು ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮ ಎರಡೂ ಕೈ ಎತ್ತಿ ಅವರಿಗೆ ನಮಸ್ಕಾರ ಮಾಡುತ್ತಿದ್ದಳು. ಮಗಳ ಪಕ್ಕದ ಸೀಟಿನಲ್ಲಿ ಊರಿನವರೆಲ್ಲ ಕೂತು ಕಲಿತಿದ್ದರು, ಅಮ್ಮ ಒಬ್ಬಳೇ ಕಲಿತಿರಲಿಲ್ಲ. ಅವಳಿಗೆ ಇದು ಹಬ್ಬ. ನಿಜ ಹೇಳಬೇಕೆಂದರೆ ಮಗಳಿಗೂ ಹಬ್ಬವೇ. ದಿನಕ್ಕೆ ಎರಡು ತಾಸು ಅಮ್ಮನ ಮುಖ ನೋಡುತ್ತ ನಿಂತದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಒಂದು ಬೆಳಗ್ಗೆ ಅಮ್ಮ ಕುರ್ಚಿಯಲ್ಲಿ ಉಸಿರು ಬಿಡುತ್ತ ಕೇಳಿದಳು: "ಅಲ್ಲ ಕಣೇ, ಫೇಲಾದ್ರೆ ಏನು ಮಾಡ್ತಾರೆ?"

"ಆಪರೇಷನ್ ಮಾಡಲ್ಲ."

"ಹೊಟ್ಟೆ ಕೊಯ್ಯಲ್ವಾ?"

"ಇಲ್ಲ."

"ಹಾಗಾದ್ರೆ ಫೇಲಾದೋರಿಗೇ ಬಹುಮಾನ ಅನ್ನು."

"ತಮಾಷೆ ಸಾಕು. ಏಳು."

"ಎಂಟು" ಎಂದಳು ಅಮ್ಮ. ಆದರೂ ಎದ್ದಳು.

ಅದು ಬರೀ ತಮಾಷೆಯಾಗಿತ್ತೇ ಎಂದು ಮಗಳು ಆಮೇಲೆ ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದಾಳೆ. ಆಗ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರಬಹುದೋ ಎಂಬ ಹೆದರಿಕೆಯೂ ಇತ್ತೆನ್ನಿ.

ಇನ್ನೆರಡು ಪ್ರಶ್ನೆಗಳು ಉಳಿದಿದ್ದವು. ಅಮ್ಮ ಆ ವರ್ಷ ಎರಡು ಸಲ ಬಿದ್ದಿದ್ದಳು, ಒಮ್ಮೆ ಬಚ್ಚಲಿನಲ್ಲಿ, ಒಮ್ಮೆ ಹೊಸ್ತಿಲು ದಾಟುವಾಗ. "ಬಿದ್ದಿದ್ದೀರಾ ಅಂತ ಕೇಳಿದ್ರೆ ಇಲ್ಲ ಅನ್ನು, ಅಷ್ಟೇ. ವಿವರಕ್ಕೆ ಹೋಗ್ಬೇಡ" ಎಂದು ಹೇಳಿಕೊಟ್ಟಳು ಮಗಳು. ತಾರೀಖಿನದು ಹೆಚ್ಚು ಕಷ್ಟವಾಯಿತು. ಯಾವ ತಿಂಗಳು ಎಂದರೆ ಅಮ್ಮ ಒಂದೊಂದು ದಿನ ಒಂದೊಂದು ಹೇಳುತ್ತಿದ್ದಳು. ಒಮ್ಮೆ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದ್ದಳು. ವಯಸ್ಸಾಯಿತಲ್ಲ, ಯಾರಾದರೂ ಮರೆಯುತ್ತಾರೆ ಎಂದು ಮಗಳು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಪರೀಕ್ಷೆಯ ದಿನ ಕಾರಿನಲ್ಲಿ ಹೋಗುವಾಗ ಪ್ರತಿ ಸಿಗ್ನಲ್ಲಿನಲ್ಲೂ ತಾರೀಖು ಹೇಳಿಸಿದಳು. ಹನ್ನೊಂದು ಸಿಗ್ನಲ್. ಕೊನೆಯ ನಾಲ್ಕರಲ್ಲಿ ತಪ್ಪಾಗಲಿಲ್ಲ.

ವಯಸ್ಸಾದವರ ಡಾಕ್ಟರು ನೆರೆಗೂದಲಿನ ಹೆಂಗಸು. ಅವಸರವಿಲ್ಲದವರು. ಕುರ್ಚಿಯನ್ನು ಅಮ್ಮನ ಹತ್ತಿರಕ್ಕೇ ಎಳೆದುಕೊಂಡು ಕೂತು, ಅವಳ ಮುಖ ನೋಡಿಯೇ ಮಾತಾಡಿದರು.

"ಈ ವರ್ಷ ಎಲ್ಲಾದ್ರೂ ಬಿದ್ದಿದ್ರಾ ಅಜ್ಜಿ?"

"ಇಲ್ಲ" ಎಂದಳು ಅಮ್ಮ. ವಿವರಕ್ಕೆ ಹೋಗಲಿಲ್ಲ. ಮಗಳು ಗೋಡೆಯ ಮೇಲಿನ ಗಡಿಯಾರ ನೋಡಿದಳು.

ತಾರೀಖೂ ಸರಿಬಂತು. ಆಮೇಲೆ ಕುರ್ಚಿ, ನೆಲದ ಮೇಲೆ ಗೆರೆ, ಸ್ಟಾಪ್‌ವಾಚ್. ಅಮ್ಮ ತುಟಿಯಲ್ಲೇ ಏನೋ ಹೇಳಿಕೊಂಡು, ತುದಿಗೆ ಜರುಗಿ, ಕಾಲು ಹಿಂದಕ್ಕೆ ತೆಗೆದುಕೊಂಡು, ಮೂಗು ಮುಂದಕ್ಕೆ ತಂದು, ಎದ್ದಳು. ಈ ಸಲ ಎಂಟು ಎನ್ನಲಿಲ್ಲ. ಹದಿನೇಳು ಸೆಕೆಂಡು. ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳದಿದ್ದರೆ ಅಲ್ಲೇ ಕೇಕೆ ಹಾಕುತ್ತಿದ್ದಳೋ ಏನೋ.

ಡಾಕ್ಟರು ಬರೆದುಕೊಂಡು, ಪೆನ್ನು ಕೆಳಗಿಟ್ಟು ಕೇಳಿದರು: "ಅಜ್ಜಿ, ನಿಮಗೇನು ಬೇಕು ಹೇಳಿ."

"ಪಾಸಾದ್ನಾ?"

"ಇಲ್ಲಿ ಪಾಸು ಫೇಲು ಏನಿಲ್ಲ. ಆಪರೇಷನ್ ವಿಷಯದಲ್ಲಿ ನಿಮ್ಮ ಮನಸ್ಸಲ್ಲಿ ಏನಿದೆ?"

ಅಮ್ಮ ಯೋಚಿಸಿದಳು. "ಮನೆಗೆ ಹೋಗ್ಬೇಕು" ಎಂದಳು. "ಕಾಲು ನೋಯ್ತಿದೆ."

ಮೂವರೂ ನಕ್ಕರು. ಡಾಕ್ಟರು ನಗು ನಿಲ್ಲಿಸಿ ಮತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಮುಂದೆ ಬಿದ್ದಳು. "ಅಂದ್ರೆ, ಆಪರೇಷನ್ ಮುಗಿಸ್ಕೊಂಡು ಬೇಗ ಮನೆಗೆ ಹೋಗ್ಬೇಕು ಅಂತ. ಅಲ್ವಾ ಅಮ್ಮ?"

ಅಮ್ಮ ಅವಳ ಮುಖ ನೋಡಿ ತಲೆಯಾಡಿಸಿದಳು. ಡಾಕ್ಟರು ಅದನ್ನು ಬರೆದುಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು. ಇದನ್ನು ಹೇಳಲೇಬೇಕು. ಯಾರ ಕೈಯೂ ನಡುಗಲಿಲ್ಲ, ಯಾರೂ ಏನನ್ನೂ ಹೊಟ್ಟೆಯಲ್ಲಿ ಮರೆತು ಬರಲಿಲ್ಲ. ಎರಡೂವರೆ ತಾಸಿನ ಮೇಲೆ ಸರ್ಜನ್ ಟೋಪಿ ತೆಗೆಯುತ್ತ ಬಂದು, "ಗಡ್ಡೆ ಪೂರ್ತಿ ಬಂತು. ಈ ವಯಸ್ಸಿಗೆ ಹೃದಯ ಅದ್ಭುತವಾಗಿ ತಡ್ಕೊಂಡಿತು" ಎಂದ. ವಾರದ ಮೇಲೆ ಲ್ಯಾಬಿನ ವರದಿಯೂ ಬಂತು: ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ, ಬೇರೆಲ್ಲೂ ಹರಡಿಲ್ಲ. ಸರ್ಜನ್‌ನ ಮಟ್ಟಿಗೆ ಅಮ್ಮ ನೂರಕ್ಕೆ ನೂರು.

ಆಪರೇಷನ್ ಆದ ಎರಡನೆಯ ದಿನದ ಮಧ್ಯಾಹ್ನ ಮಗಳು ಸೂಪಿನ ಡಬ್ಬಿ ಹಿಡಿದು ವಾರ್ಡಿಗೆ ಹೋದಾಗ, ಅಮ್ಮ ಮಂಚದ ಪಕ್ಕದ ಕಂಬಿಗಳ ನಡುವಿನಿಂದ ಬಲಗೈ ಹೊರಗೆ ಹಾಕಿ ಮಲಗಿದ್ದಳು. ಕಣ್ಣು ಅಗಲವಾಗಿ ತೆರೆದಿತ್ತು.

"ಎಷ್ಟು ಜನ?" ಎಂದಳು.

"ಅಮ್ಮ, ನಾನು."

"ಎಷ್ಟು ಜನ ಬೇಗ ಹೇಳಿ. ಹಿಂದೆ ಕ್ಯೂ ಇದೆ."

ಪಕ್ಕದ ಮಂಚದವಳು ಕಿಸಕ್ಕೆಂದಳು. ಅಮ್ಮ ಮಗಳಿಗೆ "ಹೇಳಿ" ಎಂದದ್ದು ಹುಟ್ಟಿದಾರಭ್ಯ ಇದೇ ಮೊದಲು.

"ಒಬ್ಬಳೇ" ಎಂದಳು, ಏನು ಹೇಳಬೇಕೆಂದು ತೋಚದೆ.

"ಬಾಲ್ಕನಿ ಮುಗೀತು. ಕೆಳಗಡೆ ಮುಂದಿನ ಸಾಲು ಕೊಡ್ಲಾ?" ಹೆಬ್ಬೆರಳು ನಾಲಿಗೆಗೆ ಹೋಗಿ ಬಂತು. ಗಾಳಿಯಲ್ಲಿ ಒಂದು ಟಿಕೆಟ್ ಹರಿದು ಕೊಟ್ಟಳು. ಮಗಳು ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳದೆ ಏನು ಮಾಡುತ್ತಾಳೆ?

ಆಪರೇಷನ್ ಆದ ವಯಸ್ಸಾದವರಿಗೆ ಹೀಗೆ ಗೊಂದಲವಾಗುವುದು ಸಾಮಾನ್ಯ, ಬಹಳ ಜನ ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ ಎಂದರು ವಾರ್ಡಿನವರು. ಕಿಟಕಿಯ ಬಳಿ ಮಂಚ ಹಾಕಿಸಿದರು, ಕನ್ನಡಕ ಹಾಕಿಸಿದರು, ಗಡಿಯಾರ ಎದುರಿಗಿಟ್ಟರು. ಮಗಳು ಪಾಠಗಳನ್ನೆಲ್ಲ ರದ್ದು ಮಾಡಿ ಬೆಳಗಿನಿಂದ ಸಂಜೆಯವರೆಗೆ ಕೂತಳು. ಹೆಸರು ಹೇಳಿದಳು, ಮನೆಯ ಸುದ್ದಿ ಹೇಳಿದಳು, ಬೇಕರಿಯವನ ಕಥೆ ಮೊದಲು ಮಾಡಿ ನಡುವೆ ನಿಲ್ಲಿಸಿದಳು. ಒಂದು ವಾರ ಟಾಕೀಸು ನಡೆಯಿತು. ಆಮೇಲೆ ಅದೂ ನಿಂತಿತು. ಅಮ್ಮ ಸುಮ್ಮನಾದಳು. ಚಮಚ ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದಳು. ಹೊದಿಕೆಯ ಕೆಳಗೆ ಕಾಲುಗಳು ಕೋಲಾಗಿದ್ದವು. ಹೊಟ್ಟೆಯ ಗಾಯ ಮಾತ್ರ ನೀಟಾಗಿ ಕೂಡಿಕೊಂಡಿತು. ಬಂದವರೆಲ್ಲ ಅದನ್ನು ನೋಡಿ ಮೆಚ್ಚಿ ಹೋದರು.

ಮೂರನೆಯ ವಾರ ಮಗಳು ತಡೆಯಲಾರದೆ ನೆರೆಗೂದಲಿನ ಡಾಕ್ಟರ ಕೋಣೆಗೆ ಹೋಗಿ ನಿಂತಳು.

"ಡಾಕ್ಟ್ರೇ, ಅವತ್ತು ಅಮ್ಮ ನಡೆದದ್ದು... ನಾನು ಹೇಳ್ಕೊಟ್ಟಿದ್ದೆ. ಮನೇಲಿ ಗೆರೆ ಹಾಕಿ, ಹತ್ತು ದಿನ."

"ಒಳ್ಳೇದೇ ಮಾಡಿದ್ರಲ್ಲ. ಆಪರೇಷನ್ನಿಗೆ ಮುಂಚೆ ನಡಿಗೆ ಅಭ್ಯಾಸ ಮಾಡಿಸಿ ಅಂತ ನಾವೇ ಹೇಳ್ತೀವಿ."

"ಹಾಗಲ್ಲ. ಅಮ್ಮ ಬಿದ್ದಿದ್ಲು. ಎರಡು ಸಲ. ಇಲ್ಲ ಅನ್ನು ಅಂತ ನಾನೇ ಹೇಳ್ಕೊಟ್ಟೆ. ತಾರೀಖನ್ನೂ ದಾರೀಲಿ ಬಾಯಿಪಾಠ ಮಾಡಿಸಿದ್ದು. ಅವಳಿಗೆ ಮರೆವು ಮೊದ್ಲಿಂದಾನೂ ಇತ್ತು."

ಡಾಕ್ಟರು ಕನ್ನಡಕ ತೆಗೆದರು.

"ಗೊತ್ತಿದ್ದಿದ್ರೆ?" ಮಗಳೇ ಕೇಳಿದಳು.

"ಗೊತ್ತಿದ್ದಿದ್ರೆ ಇನ್ನೊಂದು ಸಲ ಕೂತು ಮಾತಾಡ್ತಿದ್ವಿ. ಮರೆವಿರೋರಿಗೆ ಈ ಗೊಂದಲ ಜಾಸ್ತಿ. ಬೇಡ ಅಂತಾನೂ ಹೇಳ್ತಿದ್ನೇನೋ." ಡಾಕ್ಟರು ಕನ್ನಡಕದ ಗಾಜು ಒರೆಸಿದರು. "ಮಾಡಿ ಅಂತಾನೂ ಹೇಳ್ತಿದ್ನೇನೋ. ಮಾಡದೇ ಇದ್ದಿದ್ರೆ ಕೆಲವು ತಿಂಗಳಲ್ಲಿ ಕರುಳು ಮುಚ್ಕೊಂಡು ನೋವಲ್ಲಿ ಇಲ್ಲಿಗೇ ಬರ್ತಿದ್ರೋ, ಮನೇಲಿ ಆರಾಮಾಗಿ ಇರ್ತಿದ್ರೋ, ನನಗೆ ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

ಮಗಳು ಬಂದದ್ದು ಎರಡರಲ್ಲಿ ಒಂದನ್ನು ಬೇಡಿ. ಕೆನ್ನೆಗೆ ಬಾರಿಸಿದಂಥ ಒಂದು ಮಾತು, ಇಲ್ಲವೇ ನಿನ್ನ ತಪ್ಪಲ್ಲ ಎಂಬ ಒಂದು ಮಾತು. ಎರಡೂ ಸಿಗಲಿಲ್ಲ. ಡಾಕ್ಟರು ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಒಡೆದು ಬಂತು.

"ಅವತ್ತು ನೀವು ಕೇಳಿದ್ರಲ್ಲ, ನಿಮಗೇನು ಬೇಕು ಅಂತ" ಎಂದಳು ಮೂಗು ಒರೆಸಿಕೊಳ್ಳುತ್ತ. "ಮನೆಗೆ ಹೋಗ್ಬೇಕು ಅಂದ್ಲು."

"ನೆನಪಿದೆ" ಎಂದರು ಡಾಕ್ಟರು. "ನಾನು ನಗಬಾರದಿತ್ತು."

ಮನೆಗೆ ಹೋಗುವುದಕ್ಕೆ ಈಗ ಇದ್ದದ್ದು ಒಂದೇ ದಾರಿ. ಅಮ್ಮ ಕುರ್ಚಿಯಿಂದ ತಾನಾಗಿ ಏಳಬೇಕು. ಎದ್ದರೆ ಮನೆ. ಇಲ್ಲದಿದ್ದರೆ ಊರಾಚೆಯ ಆರೈಕೆ ಕೇಂದ್ರ. ಒಬ್ಬಳೇ ಮಗಳು, ಅವಳಿಗೂ ಅರವತ್ತಮೂರು, ದಿನಕ್ಕೆ ಇಪ್ಪತ್ತು ಸಲ ಎತ್ತಿ ಕೂರಿಸಲು ಅವಳ ಸೊಂಟ ಒಪ್ಪುವುದಿಲ್ಲ. ಎರಡು ಸಲ ಎತ್ತಲು ಹೋಗಿ, ಎರಡು ಸಲವೂ ಅಮ್ಮನ ಜೊತೆ ತಾನೂ ಮಂಚದ ಮೇಲೆ ಕುಸಿದಿದ್ದಳು. ಆರೈಕೆ ಕೇಂದ್ರವನ್ನು ಹೋಗಿ ನೋಡಿಯೂ ಬಂದಿದ್ದಳು. ಚೊಕ್ಕಟವಾಗಿತ್ತು. ಕುರ್ಚಿಗಳಲ್ಲಿ ಕೂತವರು ಯಾರೂ ಬಾಗಿಲ ಕಡೆ ತಿರುಗಿ ನೋಡಿರಲಿಲ್ಲ.

ಗುರುವಾರ ಬೆಳಗ್ಗೆ ಹತ್ತಕ್ಕೆ ಫಿಸಿಯೋಥೆರಪಿಯ ಹುಡುಗಿ ಬಂದಳು. ನಗುಮುಖದ ಚೂಟಿ ಹುಡುಗಿ. ಅಮ್ಮನನ್ನು ಇಬ್ಬರು ಹಿಡಿದು ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ನೆಲದ ಮೇಲೆ ಮೂರು ಮೀಟರ್ ದೂರದಲ್ಲಿ ಗೆರೆ.

"ನೀವು ಮುಟ್ಬಾರ್ದು ಆಂಟಿ. ಅಜ್ಜಿ ತಾವಾಗೇ ಏಳ್ಬೇಕು. ಬೇಕಿದ್ರೆ ಗೆರೆ ಆಚೆ ನಿಂತ್ಕೊಳ್ಳಿ, ನಿಮ್ಮನ್ನ ನೋಡಿ ಏಳ್ತಾರೇನೋ."

ಮಗಳು ಗೆರೆಯ ಆಚೆ ನಿಂತಳು. ಎರಡೂ ಕೈ ಮುಂದೆ ಚಾಚಿದಳು. ಏನೂ ಹೇಳಿಕೊಡುವುದಿಲ್ಲ ಎಂದು ಹಲ್ಲು ಕಚ್ಚಿ ನಿರ್ಧರಿಸಿದ್ದಳು. ಈ ಸಲ ಏನು ಬರುತ್ತದೋ ಅದೇ ಬರಲಿ.

"ಏಳಿ ಅಜ್ಜಿ. ಎದ್ದು ಮಗಳ ಹತ್ರ ಹೋಗಿ" ಎಂದು ಹುಡುಗಿ ಸ್ಟಾಪ್‌ವಾಚ್ ಒತ್ತಿದಳು.

ಅಮ್ಮ ಗೆರೆಯನ್ನು ನೋಡಿದಳು. ನಿಧಾನವಾಗಿ ಕಣ್ಣು ಮೇಲೆತ್ತಿ ಮಗಳ ಚಾಚಿದ ಕೈಗಳನ್ನು ನೋಡಿದಳು. ಹತ್ತು ದಿನದಿಂದ ಒಂದಕ್ಷರ ಆಡದವಳ ತುಟಿ ಅಲುಗಿತು.

"ತುದಿ" ಎಂದಳು ಸ್ಪಷ್ಟವಾಗಿ. "ಕಾಲು. ಮೂಗು. ಏಳು."

"ಅಯ್ಯೋ, ಅಜ್ಜಿಗೆ ಎಲ್ಲಾ ಬಾಯಿಪಾಠ!" ಹುಡುಗಿಗೆ ಹಿಗ್ಗೋ ಹಿಗ್ಗು. "ನಾವು ಹೇಳ್ಕೊಡೋದೂ ಇದೇ! ಯಾರು ಕಲಿಸಿದ್ದು?"

ಅಮ್ಮ ತುದಿಗೆ ಜರುಗಿರಲಿಲ್ಲ. ಕಾಲು ಹಿಂದಕ್ಕೆ ಬಂದಿರಲಿಲ್ಲ. ಕುರ್ಚಿಯ ಒಳಗೆ ಹೂತುಕೊಂಡು, ಮಗಳ ಕೈಗಳನ್ನೇ ನೋಡುತ್ತಿದ್ದಳು.

"ಎಂಟು" ಎಂದಳು ಅಮ್ಮ.

ಮಗಳು ಅಮ್ಮನ ತುಟಿಯ ಮೂಲೆಯನ್ನೇ ನೋಡಿದಳು, ಆ ನಗು ಅಲ್ಲಿ ಇಣುಕುತ್ತದೆಂದು. ಬಾಯಿ ತೆರೆದು "ಅಮ್ಮಾ!" ಎಂದು ಗದರಿದಳು, ಹಿಂದೆ ಗದರಿದ ಹಾಗೆಯೇ.

"ಒಂಬತ್ತು" ಎಂದಳು ಅಮ್ಮ. "ಹತ್ತು." ಬಲಗೈಯ ಹೆಬ್ಬೆರಳು ನಾಲಿಗೆಗೆ ಹೋಯಿತು, ಮಡಿಲಿಗೆ ಬಂತು, ಒಂದನ್ನು ಹರಿಯಿತು. "ಹನ್ನೊಂದು."

ಹುಡುಗಿ ಮಗಳ ಮುಖ ನೋಡಿದಳು. ಸ್ಟಾಪ್‌ವಾಚ್ ಓಡುತ್ತಿತ್ತು. ಅಮ್ಮ ಒಂದೇ ಹದದಲ್ಲಿ ಎಣಿಸುತ್ತ ಹೋದಳು. ಹದಿನೇಳು ಬಂತು, ಹೋಯಿತು. ಹತ್ತೊಂಬತ್ತು. ಇಪ್ಪತ್ತು.

"ಇಪ್ಪತ್ತೊಂದು" ಎಂದಳು.

ಹುಡುಗಿ ಸದ್ದಾಗದಂತೆ ಗುಂಡಿ ಒತ್ತಿ, ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡಳು. ಮಗಳು ಕೈ ಇಳಿಸಲಿಲ್ಲ. ಗೆರೆಯ ಆಚೆ ಹಾಗೇ ನಿಂತಿದ್ದಳು. ಅಮ್ಮ ಇಪ್ಪತ್ತೆರಡು ಎಂದಳು.